ಹೊಟ್ಟೆ: ಬಳಕೆದಾರರ ಕೈಪಿಡಿ (ದಕ್ಷಿಣ ಫ್ರಾನ್ಸ್ ಮಾದರಿ)

ಬಳಸುವ ಮೊದಲು

ಮಿಕ್ಸಿ ಜೊತೆ ಬರುವ ಪುಸ್ತಕವನ್ನು ಯಾರೂ ಓದುವುದಿಲ್ಲ. ಜಾರಿನ ಬುಡ ಸೋರತೊಡಗಿದ ಮೇಲೆ ಅಟ್ಟದ ಮೇಲೋ ಹಳೆ ಪೇಪರಿನ ಕಟ್ಟಿನೊಳಗೋ ಇದೆಯೇ ಎಂದು ಹುಡುಕುತ್ತಾರೆ. ಈ ಕೈಪಿಡಿಗೂ ಅದೇ ಗತಿ ಎಂದು ಬಲ್ಲೆ. ಆದರೂ ವೀಸಾಕ್ಕೆ ಮೂರು ತಿಂಗಳ ಬ್ಯಾಂಕ್ ಲೆಕ್ಕ ಕೊಟ್ಟು, ಆಫೀಸಿನಲ್ಲಿ ಕಾಡಿ ಬೇಡಿ ಐದು ದಿನ ರಜೆ ಗಿಟ್ಟಿಸಿ, ದಕ್ಷಿಣ ಫ್ರಾನ್ಸಿನವರೆಗೂ ಹೋಗಿ, ಅಲ್ಲಿ ಫ್ರೀಜರಿನಿಂದ ತೆಗೆದು ಬಿಸಿ ಮಾಡಿದ ಪೀಟ್ಸಾ ತಿಂದು ಬರುವವರನ್ನು ಕಂಡರೆ ಸುಮ್ಮನಿರಲಾಗುವುದಿಲ್ಲ. ಮೊದಲ ಸಲ ಹೋದಾಗ ಹಾಗೆ ತಿಂದು ಬಂದವನು ನಾನೇ. ಆದ್ದರಿಂದ ಇದು ಪರಿಷ್ಕೃತ ಎರಡನೇ ಆವೃತ್ತಿ. ಮೊದಲನೆಯದನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಗಿದೆ.

ಕೈಪಿಡಿ ಯಾವ ಯಂತ್ರದ್ದು ಎಂಬಲ್ಲೇ ಬಹಳ ಜನ ಎಡವುತ್ತಾರೆ. ಒಳ್ಳೆಯ ಹೋಟೆಲೊಂದನ್ನು ಪತ್ತೆ ಮಾಡಿ, ಅದನ್ನು ನಮ್ಮ ಹಸಿವಿಗೆ ಜೋಡಿಸಿಕೊಂಡರಾಯಿತು ಎಂದುಕೊಳ್ಳುತ್ತಾರೆ. ಅಲ್ಲಿನ ಹೋಟೆಲು ಗೋಡೆಗೆ ಕೂತ ಗೂಟ, ಅಲುಗುವುದಿಲ್ಲ. ತಿರುಪು ಸಡಿಲಿಸಿ ಹೊಸದಾಗಿ ಕೂರಿಸಬೇಕಾದದ್ದು ನಿಮ್ಮ ಹೊಟ್ಟೆಯನ್ನು. ಮುಂದಿನ ಸೂಚನೆಗಳೆಲ್ಲ ಅದಕ್ಕೆ ಸಂಬಂಧಪಟ್ಟವು.

ಹೋಟೆಲ್ ಎಂಬ ಮಾತಿನ ಬಗ್ಗೆಯೂ ಎಚ್ಚರವಿರಲಿ. ನಾವು ಊಟದ ಜಾಗಕ್ಕೆ ಹೋಟೆಲ್ ಎನ್ನುತ್ತೇವೆ. ಅಲ್ಲಿ ಊರ ನಡುವೆ, ಬಾವುಟ ಹಾರಿಸಿಕೊಂಡು, 'ಒತೆಲ್ ದ ವಿಲ್' ಎಂದು ದೊಡ್ಡಕ್ಷರದ ಬೋರ್ಡು ಹೊತ್ತ ಭವ್ಯ ಕಟ್ಟಡ ಕಂಡರೆ ಹಸಿದು ಒಳಗೆ ನುಗ್ಗಬೇಡಿ. ಅದು ನಗರಸಭೆ. 'ಒತೆಲ್ ದಿಯೂ' ಎಂದಿದ್ದರೆ ಹಳೆಯ ಆಸ್ಪತ್ರೆ. ಊಟದ ಮನೆಗೆ ರೆಸ್ತೋರಾಂ, ಬಿಸ್ತ್ರೋ, ಬ್ರಾಸರಿ ಎಂದು ನಾನಾ ಹೆಸರು. ಇಲ್ಲಿ ಮಾತ್ರ ನಮ್ಮ ರೂಢಿಯಂತೆ ಎಲ್ಲಕ್ಕೂ ಹೋಟೆಲ್ ಎಂದೇ ಕರೆಯುತ್ತೇನೆ, ಕ್ಷಮೆ ಇರಲಿ.

ಗಡಿಯಾರ ಹೊಂದಿಸುವುದು

ಇದೊಂದು ಹಂತ ಸರಿಯಾದರೆ ಮುಕ್ಕಾಲು ಕೆಲಸ ಮುಗಿದಂತೆ. ಇದು ಕೆಟ್ಟರೆ ಮುಂದಿನ ಯಾವ ಪುಟವೂ ಕೆಲಸಕ್ಕೆ ಬಾರದು.

ಮೊದಲ ಪ್ರವಾಸದ ಮೊದಲ ದಿನ. ನೀಸ್ ನಗರ. ಸಮುದ್ರ ನೋಡಿ, ಫೋಟೋ ತೆಗೆದು, ಇನ್ನೊಂದಿಷ್ಟು ಸಮುದ್ರ ನೋಡಿ, ಹಳೆಯ ಊರಿನ ಓಣಿಯ ಒಂದು ಪುಟ್ಟ ಹೋಟೆಲಿನ ಬಾಗಿಲಿಗೆ ಬಂದಾಗ ಎರಡು ಗಂಟೆ ಇಪ್ಪತ್ತು ನಿಮಿಷ. ಒಳಗೆ ನಾಲ್ಕೈದು ಮೇಜುಗಳಲ್ಲಿ ಜನ ಕೂತಿದ್ದರು. ಒಂದು ಮೇಜಿನ ಕೆಳಗೆ ನಾಯಿಯೂ ಇತ್ತು, ಅದರದೂ ಊಟ ಆದಂತಿತ್ತು. ಬಿಳಿ ಅಂಗಿಯವನೊಬ್ಬ ಬಂದು, ಬಹಳ ದುಃಖದಿಂದ, ಅಡುಗೆಮನೆ ಮುಚ್ಚಿದೆ ಎಂದ.

"ರೀ, ಒಳಗೆ ಅಷ್ಟು ಜನ ತಿಂತಾ ಇದ್ದಾರಲ್ಲ?" ಎಂದಳು ನನ್ನ ಹೆಂಡತಿ.

ಅವರು ತಿನ್ನುತ್ತಿರಲಿಲ್ಲ, ಕಾಫಿ ಕುಡಿಯುತ್ತಿದ್ದರು. ಅಂದರೆ ಹನ್ನೆರಡೂವರೆಗೆ ಕೂತವರು, ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಯ ಮೆಟ್ಟಿಲಿಗೆ ಬಂದಿದ್ದರು. ನಾವು ಮೇಲಿನ ಮೆಟ್ಟಿಲು ಹತ್ತಲು ಹೊರಟವರು. ಮುಂದೆ ಆರು ಬಾಗಿಲುಗಳಲ್ಲಿ ಅದೇ ದುಃಖ, ಅದೇ ಬಿಳಿ ಅಂಗಿ. ಏಳನೆಯ ಬಾಗಿಲಲ್ಲಿ ಒಬ್ಬ ನಗುತ್ತ ಕೈಬೀಸಿ ಕರೆದ. ಅವನ ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಹಾಳೆ, ಹಾಳೆಯಲ್ಲಿ ಆರು ದೇಶಗಳ ಬಾವುಟ ಮತ್ತು ತಿಂಡಿಗಳ ಬಣ್ಣದ ಫೋಟೋ. ಆ ಪೀಟ್ಸಾದ ಮಧ್ಯಭಾಗ ಇನ್ನೂ ತಣ್ಣಗಿತ್ತು.

ಎರಡನೆಯ ಸಲ ಹೋಗುವ ಹೊತ್ತಿಗೆ ನನ್ನ ಅಕ್ಕನ ಮಗ ಬೆಂಗಳೂರಿನ ಕೆಲಸ ಬಿಟ್ಟು ಟೂಲೂಸಿನ ವಿಮಾನ ಕಂಪನಿಯೊಂದಕ್ಕೆ ಸೇರಿದ್ದ. ವಿಮಾನದ ರೆಕ್ಕೆಯ ಲೆಕ್ಕ ಮಾಡುವ ಹುಡುಗ, ಸಮಯದ ವಿಷಯದಲ್ಲಿ ಕಟ್ಟುನಿಟ್ಟು. ನಿಲ್ದಾಣದಲ್ಲಿ ಕಾಲಿಗೆ ನಮಸ್ಕಾರ ಮಾಡಿ ಎದ್ದವನೇ ಹೇಳಿದ: "ಮಾವ, ಹನ್ನೆರಡೂವರೆಗೆ ಬಾಗಿಲಲ್ಲಿರಬೇಕು. ಒಂದೂವರೆ ದಾಟಿದ್ರೆ ದೇವರು ಬಂದ್ರೂ ಒಲೆ ಹತ್ತಲ್ಲ. ರಾತ್ರಿ ಏಳೂವರೆ. ಅದಕ್ಕೆ ಮುಂಚೆ ಹೋದ್ರೆ ಅವರೇ ಊಟ ಮಾಡ್ತಾ ಇರ್ತಾರೆ."

ಈ ಗಂಟೆಯನ್ನು ಹೊಟ್ಟೆಗೆ ಕೂರಿಸುವ ವಿಧಾನ: ಬೆಳಗಿನ ತಿಂಡಿಯನ್ನು ಮೊಟಕು ಮಾಡಿ. ಲಾಡ್ಜಿನಲ್ಲಿ ದುಡ್ಡು ಕೊಟ್ಟಾಗಿದೆಯಲ್ಲ ಎಂದು ಹತ್ತು ಗಂಟೆಯವರೆಗೆ ಬ್ರೆಡ್ಡು, ಬೆಣ್ಣೆ, ಮೊಸರು, ಮತ್ತೆ ಬ್ರೆಡ್ಡು ಎಂದು ತುಂಬಿಕೊಳ್ಳುವ ಅಭ್ಯಾಸವೇ ಎಲ್ಲ ಅನಾಹುತಗಳ ಮೂಲ. ಒಂದು ಕ್ರುವಾಸಾಂ, ಒಂದು ಕಾಫಿ, ಸಾಕು. ಹನ್ನೊಂದೂವರೆಗೆ ಹೊಟ್ಟೆ ಗುರ್ ಎಂದರೆ ಯಂತ್ರ ಸರಿಯಾಗಿ ಓಡುತ್ತಿದೆ ಎಂದರ್ಥ.

ಮಧ್ಯಾಹ್ನವೇ ಏಕೆ ಎಂದರೆ ಕಾರಣವಿದೆ. ವಾರದ ದಿನಗಳ ಮಧ್ಯಾಹ್ನ ಆ ಊರಿನ ಜನ, ಅಂಚೆಯವರು, ಬ್ಯಾಂಕಿನವರು, ಗಾರೆಯವರು, ಹೊರಗೆ ಉಣ್ಣುತ್ತಾರೆ. ಅವರಿಗಾಗಿ 'ಪ್ಲಾ ದ್ಯು ಝೂರ್' ಎಂಬ ಅಂದಂದಿನ ಅಡುಗೆ ಇರುತ್ತದೆ. ಅದರ ಹಿಂದೆಯೋ ಮುಂದೆಯೋ ಇನ್ನೊಂದು ತಟ್ಟೆ ಸೇರಿಸಿದರೆ 'ಫಾರ್ಮ್ಯೂಲ್'. ದಿನವೂ ಬರುವ ಗಿರಾಕಿಗೆ ಹಳಸಲು ಬಡಿಸಿದರೆ ನಾಳೆ ಅವನು ಎದುರಿನ ಬಾಗಿಲಿಗೆ ಹೋಗುತ್ತಾನೆಂಬ ಭಯ ಅಡುಗೆಯವನ ಕೈ ಸರಿಯಾಗಿಟ್ಟಿರುತ್ತದೆ. ರಾತ್ರಿ ಅದೇ ಕೈಯ ಅಡುಗೆಗೆ ಮೇಣದಬತ್ತಿ ಹಚ್ಚಿ ಬೆಲೆ ಏರಿಸುತ್ತಾರೆ.

ಎಚ್ಚರಿಕೆ: ಭಾನುವಾರ ರಾತ್ರಿ ಮತ್ತು ಸೋಮವಾರ ಇಡೀ ದಿನ ಬಹುತೇಕ ಒಳ್ಳೆಯ ಹೋಟೆಲುಗಳು ಮುಚ್ಚಿರುತ್ತವೆ. ಭಾನುವಾರ ಮಧ್ಯಾಹ್ನ ಅಜ್ಜಿಯಿಂದ ಮೊಮ್ಮಗುವಿನವರೆಗೆ ಇಡೀ ಸಂಸಾರ ಬಂದು ಮೂರು ಗಂಟೆ ಕೂರುತ್ತದೆ; ಮೊದಲೇ ಫೋನು ಮಾಡಿ ಜಾಗ ಹೇಳಿಡದಿದ್ದರೆ 'ಕೊಂಪ್ಲೆ' (ಭರ್ತಿ) ಎಂಬ ಒಂದೇ ಪದದಲ್ಲಿ ನಿಮ್ಮ ಭವಿಷ್ಯ ಮುಗಿಯುತ್ತದೆ. ಪ್ರವಾಸದ ಐದು ದಿನದಲ್ಲಿ ಭಾನುವಾರ ಸೋಮವಾರ ಎರಡೂ ಬಂದರೆ ಅದು ಐದು ದಿನದ ಪ್ರವಾಸವಲ್ಲ, ಮೂರೂವರೆಯದು. ಟಿಕೆಟ್ ಮಾಡುವಾಗ ವಿಮಾನದ ದರ ನೋಡಿದಂತೆ ವಾರವನ್ನೂ ನೋಡಿ. ನಾವು ನೋಡಲಿಲ್ಲ. ಆ ಕಥೆ ಕೊನೆಗೆ.

ಬಾಗಿಲು ಗುರುತಿಸುವುದು

ಮೊದಲು ಕೈ ನೋಡಿ. ಬಾಗಿಲಲ್ಲಿ ನಿಂತು ಬೀಸಿ ಕರೆಯುವ ಕೈ ಇದ್ದರೆ ರಸ್ತೆಯ ಆಚೆ ಬದಿಗೆ ದಾಟಿ. ಒಳ್ಳೆಯ ಹೋಟೆಲಿನವನಿಗೆ ಹನ್ನೆರಡೂವರೆಗೆ ಬೀದಿಗೆ ಬರಲು ಪುರುಸೊತ್ತಿರುವುದಿಲ್ಲ.

ಆಮೇಲೆ ಹಲಗೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ, ಡಾಕ್ಟರ ಚೀಟಿಯಂಥ ಅಕ್ಷರದಲ್ಲಿ ನಾಲ್ಕೈದು ಸಾಲು ಗೀಚಿದ್ದರೆ, ಅದರಲ್ಲೊಂದು ಸಾಲು ಆಗಲೇ ಅಳಿಸಿದ್ದರೆ, ಕೂಡಲೇ ಒಳಗೆ ಹೋಗಿ. ಅಳಿಸಿದ ಸಾಲು ಖಾಲಿಯಾದ ಅಡುಗೆ. ಖಾಲಿಯಾಗುವ ಅಡುಗೆ ಇವತ್ತು ಮಾಡಿದ್ದು. ಈಗೀಗ ಅಚ್ಚು ಹಾಕಿದ ಕೈಬರಹದ ಹಲಗೆಗಳೂ ಬಂದಿವೆ. ಬೆರಳಿನಿಂದ ಉಜ್ಜಿ ನೋಡಿ. ಸುಣ್ಣ ಬೆರಳಿಗೆ ಹತ್ತಬೇಕು. (ಹೆಂಡತಿ ಜೊತೆಗಿರುವಾಗ ಇದನ್ನು ಮಾಡಬೇಡಿ.)

ಪಟ್ಟಿ ಉದ್ದವಿದ್ದಷ್ಟೂ ಅನುಮಾನ ಪಡಿ. ನಲವತ್ತು ಬಗೆ ಮಾಡುವವನ ಹಿಂದೆ ನಲವತ್ತು ಅಡುಗೆಯವರಿರುವುದಿಲ್ಲ, ದೊಡ್ಡದೊಂದು ಫ್ರೀಜರ್ ಇರುತ್ತದೆ. ಈ ಬಾಧೆ ಸರ್ಕಾರಕ್ಕೂ ತಟ್ಟಿ, 2014ರಲ್ಲಿ ಒಂದು ಗುರುತು ತಂದರು: ಮನೆಯ ಸೂರನ್ನೇ ಮುಚ್ಚಳವಾಗಿ ಹೊತ್ತ ಪಾತ್ರೆ. 'ಫೆ ಮೇಝೋಂ', ಅಂದರೆ ಇಲ್ಲೇ ಮಾಡಿದ್ದು. ಕಚ್ಚಾ ಸಾಮಾನು ತಂದು ಅಲ್ಲೇ ಬೇಯಿಸಿದ್ದಕ್ಕೆ ಮಾತ್ರ ಈ ಗುರುತು ಹಾಕಬಹುದು. ನಂಬಿ, ಆದರೆ ಪೂರ್ತಿ ಕಣ್ಣು ಮುಚ್ಚಿ ಬೇಡ. ಕಚ್ಚಾ ಸಾಮಾನು ಮಂಜುಗಡ್ಡೆಯಾಗಿ ಬಂದಿದ್ದರೂ, ತರಕಾರಿಯನ್ನು ಯಾರೋ ಸುಲಿದು ಹೆಚ್ಚಿ ಕಳಿಸಿದ್ದರೂ ಕಾನೂನು ತಕರಾರು ಮಾಡುವುದಿಲ್ಲ. ಸುಲಿದು ತಂದ ಆಲೂಗಡ್ಡೆಗೆ ಮಾತ್ರ ರಿಯಾಯಿತಿ ಇಲ್ಲ. ಆಲೂಗಡ್ಡೆಯ ಸಿಪ್ಪೆಗಾಗಿ ಕಾನೂನಿನಲ್ಲಿ ಜಾಗ ಮಾಡಿದ ದೇಶ ಅದು, ಗೌರವದಿಂದ ನಡೆದುಕೊಳ್ಳಿ.

ಕೆಂಪು ಪುಸ್ತಕದ ನಕ್ಷತ್ರಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. 1900ರಲ್ಲಿ ಮಿಶೆಲಿನ್ ಅಣ್ಣತಮ್ಮಂದಿರು ಆ ಪುಸ್ತಕವನ್ನು ಪುಕ್ಕಟೆ ಹಂಚಿದ್ದು ಜನ ಕಾರಿನಲ್ಲಿ ದೂರ ದೂರ ಓಡಾಡಲಿ, ಟೈರು ಸವೆಯಲಿ ಎಂದು. ನಕ್ಷತ್ರ ಬಂದದ್ದು 1926ರಲ್ಲಿ. ಸಣ್ಣ ಪ್ರವಾಸಕ್ಕೆ ಹೋದವರಿಗೆ ನಕ್ಷತ್ರಕ್ಕಿಂತ 'ಬಿಬ್ ಗೂರ್ಮಾಂ' ಎಂಬ ನಾಲಿಗೆ ಚಾಚಿದ ಗುಂಡು ಬೊಂಬೆಯೇ ಹೆಚ್ಚು ಉಪಕಾರಿ. ಮಿತವಾದ ಬೆಲೆಗೆ ಒಳ್ಳೆಯ ಊಟ ಎಂಬುದರ ಗುರುತು ಅದು.

ಹೆದ್ದಾರಿಯ ಬದಿಯಲ್ಲಿ ಲಾರಿ ಸಾಲುಗಟ್ಟಿ ನಿಂತಲ್ಲಿ ಊಟ ಚೆನ್ನಾಗಿರುತ್ತದೆ ಎಂಬ ನಮ್ಮ ತಿಳಿವಳಿಕೆ ಅಲ್ಲಿಯೂ ನಡೆಯುತ್ತದೆ. ಕೆಂಪು ನೀಲಿ ದುಂಡು ಫಲಕದ 'ರೂತಿಯೇ' ಹೋಟೆಲುಗಳು 1930ರ ದಶಕದಿಂದ ಲಾರಿ ಚಾಲಕರಿಗೆ ಹೊಟ್ಟೆ ತುಂಬ ಬಡಿಸುತ್ತಿವೆ. ಇನ್ನು ಪ್ರೊವಾನ್ಸಿನ ಬೆಟ್ಟದ ಕಡೆ ಹೋದರೆ 'ಬಿಸ್ತ್ರೋ ದ ಪೇಯಿ' ಎಂಬ ಫಲಕ ಹುಡುಕಿ. ಹಳ್ಳಿಯ ಕೊನೆಯ ಕಾಫಿ ಅಂಗಡಿಯೂ ಮುಚ್ಚಿಹೋಗಬಾರದೆಂದು 1993ರಲ್ಲಿ ಅಲ್ಲಿನ ಆಲ್ಪ್ಸ್ ತಪ್ಪಲಿನ ಜಿಲ್ಲೆಯಲ್ಲಿ ಹುಟ್ಟಿದ ಏರ್ಪಾಡು. ಊಟದ ಜೊತೆಗೆ ಬ್ರೆಡ್ಡು, ಪೇಪರು ಸಿಗುವುದೂ ಉಂಟು; ಆ ಊರಿನ ಜಗಳಗಳ ವರದಿ ಉಚಿತ.

ಯಾವ ಊರಿಗೆ ಯಾವ ಬಿಡಿಭಾಗ

ಅಸಲು ಬಿಡಿಭಾಗ ಬಿಟ್ಟು ಬೇರೆ ಹಾಕಿದರೆ ವಾರಂಟಿ ಇಲ್ಲ ಎಂದು ಎಲ್ಲ ಕೈಪಿಡಿಗಳಲ್ಲೂ ಬರೆದಿರುತ್ತದೆ. ಇಲ್ಲಿ ಆ ಮಾತು ಅಕ್ಷರಶಃ ನಿಜ. 'ಫ್ರೆಂಚ್ ಊಟ' ಎಂಬುದು ದಕ್ಷಿಣದಲ್ಲಿ ಇಲ್ಲವೇ ಇಲ್ಲ. ನೀಸಿನ ಊಟ ಇದೆ, ನೀಮಿನ ಊಟ ಇದೆ, ಎರಡರ ನಡುವೆ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಒಂದೇ ಹೋಟೆಲಿನ ಪಟ್ಟಿಯಲ್ಲಿ ಮಾರ್ಸೇಯ ಮೀನು, ಟೂಲೂಸಿನ ಬೀನ್ಸ್ ಕಾಳು, ಆಲ್ಸೇಸಿನ ಹುಳಿ ಕೋಸು ಎಲ್ಲ ಕಂಡರೆ ಅಡುಗೆಯವನು ಯಾವ ಊರಿನವನೂ ಅಲ್ಲ ಎಂದು ತಿಳಿಯಿರಿ.

ಕಾಸೂಲೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಅದರ ಮೇಲೆ ಮೂರು ಊರುಗಳಿಗೆ ದಾಯಾದಿ ಜಗಳವಿದೆ. ಬಿಳಿ ಬೀನ್ಸ್ ಕಾಳು, ಹಂದಿಮಾಂಸ, ಬಾತುಕೋಳಿ, ಸಾಸೇಜು ಹಾಕಿ ಮಣ್ಣಿನ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸುವ ಅಡುಗೆ. ಮೇಲೆ ಕೆನೆಗಟ್ಟಿದ ಹೊಪ್ಪಳಿಕೆಯನ್ನು ಏಳು ಸಲ ಒಡೆದು ಒಳಗೆ ತಳ್ಳಬೇಕೆಂದು ಶಾಸ್ತ್ರ. ಕಾಸೋಲ್ ಎಂಬ ಆ ಬಾಯಗಲದ ಮಡಕೆಯಿಂದಲೇ ಹೆಸರು ಬಂದದ್ದು. ಕಾಸ್ಟೆಲ್‌ನೋದರಿಯವರು ಹಂದಿಯೇ ಪ್ರಧಾನ ಎನ್ನುತ್ತಾರೆ, ಕಾರ್ಕಸೋನಿನವರು ಕುರಿಮಾಂಸವೋ ಕವುಜುಗವೋ ಬೀಳಬೇಕು ಎನ್ನುತ್ತಾರೆ, ಟೂಲೂಸಿನವರು ತಮ್ಮೂರ ಸಾಸೇಜು ಇಲ್ಲದ್ದು ಕಾಸೂಲೆಯೇ ಅಲ್ಲ ಎನ್ನುತ್ತಾರೆ. 1865ರಲ್ಲಿ ಹುಟ್ಟಿದ ಪ್ರಸಿದ್ಧ ಬಾಣಸಿಗ ಪ್ರೋಸ್ಪೆರ್ ಮೊಂತಾನ್ಯೆ ರಾಜಿ ಮಾಡಿಸಲು ಹೋಗಿ ಕ್ರೈಸ್ತರ ತ್ರಿಮೂರ್ತಿಯನ್ನೇ ಎಳೆದು ತಂದ: ಕಾಸ್ಟೆಲ್‌ನೋದರಿಯದು ತಂದೆ, ಕಾರ್ಕಸೋನಿನದು ಮಗ, ಟೂಲೂಸಿನದು ಪವಿತ್ರಾತ್ಮ. ತಾನು ಹುಟ್ಟಿದ್ದು ಕಾರ್ಕಸೋನಿನಲ್ಲಾದರೂ ತಂದೆಯ ಪೀಠವನ್ನು ಪಕ್ಕದೂರಿಗೆ ಬಿಟ್ಟುಕೊಟ್ಟ ಆತನ ತ್ಯಾಗ ದೊಡ್ಡದು.

ಈ ಅಡುಗೆ ಹುಟ್ಟಿದ್ದು ಶತವರ್ಷ ಯುದ್ಧದ ಮುತ್ತಿಗೆಯಲ್ಲಿ, ಊರವರೆಲ್ಲ ಮನೆಯಲ್ಲಿದ್ದದ್ದನ್ನು ಒಂದೇ ಹಂಡೆಗೆ ಸುರಿದಾಗ, ಎಂದು ಕಾಸ್ಟೆಲ್‌ನೋದರಿಯಲ್ಲಿ ಕಥೆ ಹೇಳುತ್ತಾರೆ. ಯುದ್ಧ ನಡೆದದ್ದು ಹದಿನಾಲ್ಕು ಹದಿನೈದನೆಯ ಶತಮಾನದಲ್ಲಿ. ಆ ಬಿಳಿ ಕಾಳು ಅಮೆರಿಕದ್ದು, ಕೊಲಂಬಸ್ ಹೋಗಿ ಬಂದ ಮೇಲಿನದು. ಇದನ್ನು ಬಡಿಸುವವರ ಮುಂದೆ ಎತ್ತಬೇಡಿ. ನಾನು ಎತ್ತಿದೆ. ಅಳಿಯ ಮೇಜಿನ ಕೆಳಗೆ ನನ್ನ ಕಾಲು ತುಳಿದ.

ಬಳಕೆಯ ಸೂಚನೆ: ಕಾಸೂಲೆ ತಿಂದ ದಿನ ಬೇರೇನೂ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಜುಲೈ ಬಿಸಿಲಿನಲ್ಲಿ ಅದನ್ನು ಕೇಳುವವರು ಪ್ರವಾಸಿಗಳು ಮಾತ್ರ. ಇನ್ನೊಂದು, ಕಾಸ್ಟೆಲ್‌ನೋದರಿ ಡಬ್ಬಿ ಕಾಸೂಲೆಗೂ ಹೆಸರಾದದ್ದು. ತಂದಿಟ್ಟ ಮಡಕೆ ಅಂಚಿನಲ್ಲಿ ಕೊತಕೊತ ಎನ್ನುತ್ತ, ಮೇಲೆ ಕಂದು ಹೊಪ್ಪಳಿಕೆ ಕಟ್ಟಿದ್ದರೆ ಒಲೆಯದು. ಬಿಳುಚಿಕೊಂಡು ಸುಮ್ಮನೆ ಕೂತಿದ್ದರೆ ಡಬ್ಬಿಯದು.

ಮಾರ್ಸೇಯಲ್ಲಿ ಬೂಯಾಬೆಸ್. ಮಾರಿ ಉಳಿದ, ಮುಳ್ಳೇ ಹೆಚ್ಚಿರುವ ಬಂಡೆಮೀನುಗಳನ್ನು ಬೆಸ್ತರು ದಡದಲ್ಲೇ ಕುದಿಸಿಕೊಳ್ಳುತ್ತಿದ್ದ ಬಡವರ ಸಾರು ಈಗ ತಲೆಗೆ ಅರವತ್ತು ಯೂರೋ ದಾಟಿದೆ. ಪ್ರವಾಸಿಗಳಿಗೆ ಏನೇನೋ ಕುದಿಸಿ ಕೊಡುವವರ ಹಾವಳಿ ಹೆಚ್ಚಿ, 1980ರಲ್ಲಿ ಕೆಲವು ಹೋಟೆಲಿನವರೇ ಕೂತು ಒಂದು ಒಪ್ಪಂದ ಬರೆದುಕೊಂಡರು. ಹೇಳಿದ ಪಟ್ಟಿಯ ಮೀನುಗಳಲ್ಲಿ ಕನಿಷ್ಠ ನಾಲ್ಕು ಬಗೆ ಇರಬೇಕು, ಮೀನನ್ನು ಗಿರಾಕಿಯ ಕಣ್ಣೆದುರೇ ಬಿಡಿಸಿ ಕೊಡಬೇಕು. ಮೊದಲು ಕೇಸರಿ ಬಣ್ಣದ ಸಾರು, ಬೆಳ್ಳುಳ್ಳಿ ಉಜ್ಜಿದ ಒಣ ಬ್ರೆಡ್ಡು, 'ರೂಯ್' ಎಂಬ ಕೆಂಪನೆಯ ಖಾರದ ಗೊಜ್ಜು; ಆಮೇಲೆ ಮೀನು. ಹಿಂದಿನ ದಿನವೇ ಹೇಳಿಡುವುದು ಲೇಸು. ಬಂದರಿನ ಬದಿಯಲ್ಲಿ ಇಪ್ಪತ್ತು ಯೂರೋಗೆ ಸಿಗುವುದು ಬೂಯಾಬೆಸ್ಸಿನ ಹೆಸರು ಮಾತ್ರ. ಅಷ್ಟು ದುಡ್ಡಿಲ್ಲವೆಂದರೆ ಬರಿಯ ಮೀನಿನ ಸಾರು ಕೇಳಿ. ಅದೇ ರೂಯ್, ಅದೇ ಬ್ರೆಡ್ಡು, ಕಾಲುಭಾಗ ಬೆಲೆ. ನಾನು ಅದನ್ನೇ ಉಂಡು, ಊರಲ್ಲಿ ಬೂಯಾಬೆಸ್ ಎಂದು ಹೇಳಿಕೊಂಡಿದ್ದೇನೆ.

ನೀಸಿನ ಸಲಾಡಿನ ವಿಷಯ ಸೂಕ್ಷ್ಮ. ಲೋಕದಲ್ಲೆಲ್ಲ ನೀಸುವಾಜ್ ಎಂದು ಬೇಯಿಸಿದ ಆಲೂಗಡ್ಡೆ, ಬೀನ್ಸ್ ಹಾಕಿ ಕೊಡುತ್ತಾರೆ. 1966ರಿಂದ 1990ರವರೆಗೆ ಆ ಊರಿನ ಮೇಯರ್ ಆಗಿದ್ದ ಝಾಕ್ ಮೆದ್ಸಾಂ ಅಡುಗೆ ಪುಸ್ತಕವನ್ನೇ ಬರೆದು, ಬೇಯಿಸಿದ ತರಕಾರಿ, ಅದರಲ್ಲೂ ಆಲೂಗಡ್ಡೆ, ಈ ಸಲಾಡಿಗೆ ಬೀಳಕೂಡದು ಎಂದು ಅಂಗಲಾಚಿದ್ದಾನೆ. ಟೊಮ್ಯಾಟೊ, ಹಸಿ ತರಕಾರಿ, ಆಲಿವ್, ಮೊಟ್ಟೆ, ಆಂಚೊವಿ ಅಥವಾ ಟ್ಯೂನಾ, ಅಷ್ಟೇ. ಸಾರ್ವಜನಿಕ ಹಣದ ವಿಷಯದಲ್ಲಿ ಇಷ್ಟು ನಿಷ್ಠೆ ಉಳಿಯದೆ ಆತ 1990ರಲ್ಲಿ ಉರುಗ್ವೆಗೆ ಪರಾರಿಯಾಗಿ, ಕೊನೆಗೆ ಜೈಲು ಕಂಡ. ಸಲಾಡಿನ ತೀರ್ಪನ್ನು ಮಾತ್ರ ಊರು ಇನ್ನೂ ಪಾಲಿಸುತ್ತಿದೆ. ಕಿಟಕಿಯ ಮೇಲೆ 'ಕ್ಯೂಝೀನ್ ನಿಸ್ಸಾರ್ದ್' ಎಂಬ ಮುದ್ರೆ ಇದ್ದರೆ ನೀಸಿನ ಪದ್ಧತಿಯ ಅಡುಗೆ ಎಂದು ನಂಬಬಹುದು.

ನೀಮಿನಲ್ಲಿ ಬ್ರಾಂದಾದ್. ಉಪ್ಪು ಹಾಕಿದ ಕಾಡ್ ಮೀನನ್ನು ಆಲಿವ್ ಎಣ್ಣೆಯಲ್ಲಿ ಬೆಣ್ಣೆಯಾಗುವಂತೆ ಅರೆದದ್ದು. ಕಾಡ್ ಆ ಕಡೆಯ ಸಮುದ್ರದ ಮೀನೇ ಅಲ್ಲ. ಉತ್ತರದ ಬೆಸ್ತರಿಗೆ ಮೀನು ಕೆಡದಿರಲು ಉಪ್ಪು ಬೇಕಿತ್ತು, ಏಗ್‌ಮೋರ್ತಿನ ಉಪ್ಪಿನ ಗದ್ದೆ ಇಲ್ಲೇ ಹತ್ತಿರ. ಉಪ್ಪಿಗೆ ಬದಲು ಮೀನು ಬಂತು. ಸೆತ್‌ನಲ್ಲಿ ಅಷ್ಟಪಾದಿ ತುಂಬಿದ ಕೆಂಪು ಕಡುಬು, ತಿಯೆಲ್. ಕಾಮಾರ್ಗ್ ಜೌಗಿನಲ್ಲಿ ಗೂಳಿಮಾಂಸದ ಗಾರ್ದಿಯಾನ್. ಜೊತೆಗೆ ಅಲ್ಲಿಯೇ ಬೆಳೆದ ಅಕ್ಕಿಯ ಅನ್ನ. ಮೂರನೆಯ ದಿನಕ್ಕೆ ಬ್ರೆಡ್ಡು ಕಂಡರೆ ಕಣ್ಣಲ್ಲಿ ನೀರು ಬರುವವರು ಈ ವಾಕ್ಯದ ಕೆಳಗೆ ಗೆರೆ ಎಳೆದುಕೊಳ್ಳಿ.

ಪೆಝನಾಸ್ ಎಂಬ ಊರಿನಲ್ಲಿ ಒಂದು ತಿಂಡಿ ನನ್ನನ್ನು ನಿಲ್ಲಿಸಿಬಿಟ್ಟಿತು. ದಾರದ ಉರುಳೆಯಷ್ಟಿರುವ ಕಡುಬು, ಒಳಗೆ ಕುರಿಯ ಖೀಮ, ಕಂದು ಸಕ್ಕರೆ, ನಿಂಬೆಸಿಪ್ಪೆ. ಕಚ್ಚಿದರೆ ಸಿಹಿಯೋ ಖಾರವೋ ನಾಲಿಗೆಗೆ ತೀರ್ಮಾನವಾಗದು. 1768ರಲ್ಲಿ ರಾಬರ್ಟ್ ಕ್ಲೈವ್ ಇಲ್ಲಿ ಬಂದು ತಂಗಿದ್ದನಂತೆ, ಅವನ ಜೊತೆಗಿದ್ದ ಭಾರತದ ಅಡುಗೆಯವರು ಈ ಕಡುಬು ಕಲಿಸಿ ಹೋದರಂತೆ. ಇತ್ತ ಹೈದರಾಲಿ ಕಂಪನಿಯ ಜೊತೆ ಮೊದಲ ಮೈಸೂರು ಯುದ್ಧ ನಡೆಸುತ್ತಿದ್ದ ಹೊತ್ತು ಅದು. ಆ ಅಡುಗೆಯವರು ಯಾರು, ಯಾವ ಸೀಮೆಯವರು, ಹೆಸರು ಉಳಿದಿಲ್ಲ. ಕ್ಲೈವನ ಹೆಸರು ಉಳಿದಿದೆ. ಕಡುಬು ಬಿಸಿ ಇರುವಾಗಲೇ ತಿನ್ನಬೇಕು.

ಶಾಕಾಹಾರಿ ಮಾದರಿಗೆ ವಿಶೇಷ ಸೂಚನೆ

ನನ್ನ ಹೆಂಡತಿ ಮಾಂಸ ಮೀನು ಮುಟ್ಟುವುದಿಲ್ಲ. ಮೊಟ್ಟೆ, ಸಮುದ್ರ ದಾಟಿದ ಮೇಲೆ ನಡೆಯುತ್ತದೆ. ಹೀಗಾಗಿ ಮೇಲಿನ ಭಾಗದಲ್ಲಿ ನಾನು ಹೊಗಳಿದ್ದರ ಬಹುಪಾಲು ಅವಳು ಎದುರಿಗೆ ಕೂತು ನೋಡಿದ್ದು.

ಅಲ್ಲಿ ವೆಜಿಟೇರಿಯನ್ ಎಂದಷ್ಟೇ ಹೇಳಿದರೆ ಕೆಲವರು ಪ್ರೀತಿಯಿಂದ ಮೀನು ತರುತ್ತಾರೆ. ಮೀನೂ ಬೇಡ ಎಂದರೆ ಸಲಾಡ್ ತರುತ್ತಾರೆ. ಸೊಪ್ಪಿನ ಕೆಳಗೆ ಲಾರ್ದೋಂ ಎಂಬ ಹಂದಿ ಚೂರುಗಳು ಅಡಗಿ ಕೂತಿರುತ್ತವೆ. ಟೂಲೂಸಿನ ಕಡೆ ಆಲೂಗಡ್ಡೆಯನ್ನೂ ಬಾತುಕೋಳಿ ಕೊಬ್ಬಿನಲ್ಲಿ ಕರಿಯುತ್ತಾರೆ, ಯಾರೂ ಅದನ್ನು ಹೇಳುವಷ್ಟು ದೊಡ್ಡ ಸಂಗತಿ ಎಂದುಕೊಂಡಿಲ್ಲ. ಎಲ್ಲಕ್ಕಿಂತ ಮಾಯಾವಿ ಆಂಚೊವಿ ಎಂಬ ಬೆರಳುದ್ದದ ಮೀನು. ಈರುಳ್ಳಿಯನ್ನು ಜೇನುಬಣ್ಣಕ್ಕೆ ಬಾಡಿಸಿ ರೊಟ್ಟಿಯ ಮೇಲೆ ಹರಡಿದ ನೀಸಿನ ಪಿಸ್ಸಲಾದಿಯೇರ್ ಎಷ್ಟು ಸಾತ್ವಿಕವಾಗಿ ಕಾಣುತ್ತದೆ! ಮೇಲೆ ಆಂಚೊವಿ. ಕಪ್ಪು ಆಲಿವಿನ ತಾಪೆನಾದ್ ನಮ್ಮ ಹುಚ್ಚೆಳ್ಳು ಚಟ್ನಿಯ ಅಕ್ಕನಂತಿರುತ್ತದೆ. ಒಳಗೆ ಅರೆದ ಆಂಚೊವಿ. ಅವಳು ಕಲಿತ ಮೊದಲ ಫ್ರೆಂಚ್ ಪದ ಬೊಂಝೂರ್ ಅಲ್ಲ, 'ಆಂಶ್ವಾ'. ಅಕ್ಷರಗಳನ್ನು ಡೈರಿಯಲ್ಲಿ ಬರೆದುಕೊಂಡು, ಬಸ್ಸಿನ ಬೋರ್ಡು ಓದುವ ಹಾಗೆ ಪ್ರತಿ ಪಟ್ಟಿಯ ಜೊತೆ ಹೋಲಿಸಿ ನೋಡುತ್ತಿದ್ದಳು.

ಅಳಿಯ ಒಂದು ಚೀಟಿ ಬರೆದುಕೊಟ್ಟಿದ್ದ: ಮಾಂಸ ಇಲ್ಲ, ಮೀನು ಇಲ್ಲ, ಹ್ಯಾಮ್ ಇಲ್ಲ, ಆಂಚೊವಿ ಇಲ್ಲ, ಬಾತುಕೋಳಿ ಕೊಬ್ಬು ಇಲ್ಲ, ಮೊಟ್ಟೆ, ಗಿಣ್ಣು ಆಗಬಹುದು. "ಹ್ಯಾಮ್ ಮಾಂಸವೇ ಅಲ್ಲವೇನೋ?" ಎಂದು ಕೇಳಿದೆ. "ನಮಗೆ ಹೌದು ಮಾವ," ಎಂದ.

ಚೀಟಿ ತೋರಿಸಿದ ಮೇಲೆ ಬಾಗಿಲು ತೆರೆಯಿತು. ನೀಸಿನ ಸೋಕಾ ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆಯ ತೆಳು ಹಿಟ್ಟನ್ನು ಅಗಲವಾದ ತಾಮ್ರದ ಹರಿವಾಣದಲ್ಲಿ ಹುಯ್ದು ಕಟ್ಟಿಗೆ ಒಲೆಯಲ್ಲಿ ಸುಟ್ಟದ್ದು. ಕೆರೆದು ಕಾಗದಕ್ಕೆ ಹಾಕಿ, ಮೇಲೆ ಮೆಣಸುಪುಡಿ ಉದುರಿಸಿ ಕೊಡುತ್ತಾರೆ. ಕೈಯಲ್ಲಿ ತಿನ್ನಬಹುದು, ತಿನ್ನಲೇಬೇಕು. ಮಾರ್ಸೇಯಲ್ಲಿ ಅದೇ ಕಡಲೆಹಿಟ್ಟನ್ನು ಕೆದಕಿ ಗಟ್ಟಿಮಾಡಿ, ಕತ್ತರಿಸಿ ಕರಿದರೆ ಪನಿಸ್. ಬೀಟ್‌ರೂಟಿನ ದಾಯಾದಿಯಾದ ಬ್ಲೆಟ್ ಸೊಪ್ಪಿಗೆ ಒಣದ್ರಾಕ್ಷಿ, ಸಕ್ಕರೆ ಹಾಕಿ ಮಾಡುವ ಸಿಹಿ ಕಡುಬು ನೀಸಿನದು. ಸೊಪ್ಪಿನ ಸಿಹಿಯೇ ಎಂದು ಮೂಗು ಮುರಿದವಳು ಎರಡನೆಯ ತುಂಡು ಕೇಳಿದಳು. ಬೇಸಿಗೆಯಲ್ಲಿ ತುಳಸಿಯ ಬಳಗದ ಬೇಸಿಲ್ ಅರೆದು ಹಾಕಿದ ತರಕಾರಿ ಸಾರು, ಸೂಪ್ ಓ ಪಿಸ್ತೂ. ಓಬ್ರಾಕ್ ಬೆಟ್ಟದ ಕಡೆಯ ಅಲಿಗೋ, ಹಸಿ ಗಿಣ್ಣು ಬೆರೆಸಿ ಗೋಟಾಯಿಸಿದ ಆಲೂಗಡ್ಡೆ. ಸೌಟೆತ್ತಿದರೆ ಆಳೆತ್ತರ ಎಳೆ ಬರುತ್ತದೆ. ಪಕ್ಕದಲ್ಲಿ ಸಾಸೇಜು ಇಡಬೇಡಿ ಎಂದು ಹೇಳುವುದು ನಿಮ್ಮ ಹೊಣೆ.

ಚಾಲನೆ

ಒಳಗೆ ಕಾಲಿಟ್ಟ ತಕ್ಷಣ 'ಬೊಂಝೂರ್' ಎನ್ನಿ. ಇದು ಸ್ವಿಚ್ಚು. ಇದನ್ನು ಒತ್ತದೆ ನೇರವಾಗಿ "ಇಬ್ಬರಿಗೆ ಜಾಗ ಇದೆಯಾ" ಎಂದರೆ ಎದುರಿನ ಯಂತ್ರ ಓಡುವುದಿಲ್ಲ. ಖಾಲಿ ಮೇಜು ಕಂಡರೂ ನೀವಾಗಿ ಹೋಗಿ ಕೂರಬೇಡಿ.

'ಮೆನು' ಕೊಡಿ ಎಂದರೆ ಅಲ್ಲಿ ನಿಗದಿ ಬೆಲೆಯ ಪೂರ್ತಿ ಊಟ ಎಂದರ್ಥ. ಪಟ್ಟಿ ಬೇಕಾದರೆ 'ಕಾರ್ತ್' ಕೇಳಿ. ನೀರಿಗೆ 'ಕರಾಫ್ ದೋ' ಎನ್ನಿ. ನಲ್ಲಿ ನೀರು, ದುಡ್ಡಿಲ್ಲ. ಕೇಳಿದರೆ ಪುಕ್ಕಟೆ ನೀರು ಸಿಗುತ್ತದೆಂದು ಪಟ್ಟಿಯಲ್ಲೋ ಫಲಕದಲ್ಲೋ ಬರೆಯಬೇಕೆಂಬ ಕಾನೂನು 2022ರಿಂದ ಇದೆ. ಬರಿಯ 'ವಾಟರ್' ಎಂದಿರೋ, ಬಾಟಲಿ ಬರುತ್ತದೆ, ಅದರ ಹಿಂದೆ ಬಿಲ್ಲೂ ಬರುತ್ತದೆ. ಬ್ರೆಡ್ಡು ಊಟದ ಜೊತೆ ಬಿಟ್ಟಿ. ಮುಗಿದರೆ ಇನ್ನಷ್ಟು ಕೇಳಲು ನಾಚಿಕೆ ಬೇಡ.

ಬಿಲ್ಲನ್ನು ನೀವು ಕೇಳುವವರೆಗೆ ತರುವುದಿಲ್ಲ. ಮೊದಲ ಸಲ ಮುಕ್ಕಾಲು ಗಂಟೆ ಖಾಲಿ ತಟ್ಟೆ ಮುಂದಿಟ್ಟುಕೊಂಡು, ನಮ್ಮನ್ನು ಮರೆತರು ಎಂದು ಬೈದುಕೊಳ್ಳುತ್ತ ಕೂತಿದ್ದೆವು. ಅವರು ಮರ್ಯಾದೆ ಕೊಡುತ್ತಿದ್ದರು. ಸೇವಾ ಶುಲ್ಕ ಬೆಲೆಯೊಳಗೇ ಸೇರಿರುತ್ತದೆ. ಮನಸ್ಸಿದ್ದರೆ ಒಂದೆರಡು ನಾಣ್ಯ.

ದೋಷ ಪತ್ತೆ

ಎರಡೂವರೆ ಆಗಿದೆ, ಎಲ್ಲ ಮುಚ್ಚಿದೆ: 'ಸೆರ್ವಿಸ್ ಕೊಂತಿನ್ಯು' (ಬಿಡುವಿಲ್ಲದ ಸೇವೆ) ಎಂದು ಬರೆದ ಬ್ರಾಸರಿ ಹುಡುಕಿ. ಅದೂ ಇಲ್ಲದಿದ್ದರೆ ಬೇಕರಿ. ಪೀಟ್ಸಾದವನ ಕಡೆ ನೋಡಬೇಡಿ.

ಒಳಗೆ ಒಬ್ಬ ಸ್ಥಳೀಯನೂ ಇಲ್ಲ: ಹನ್ನೆರಡಕ್ಕೇ ಬಂದಿದ್ದೀರಿ. ಹದಿನೈದು ನಿಮಿಷ ಕಾಯಿರಿ. ಆಗಲೂ ಬರದಿದ್ದರೆ ಎದ್ದು ಹೋಗಿ.

ಆಗಸ್ಟಿನಲ್ಲಿ ಬಾಗಿಲಿಗೆ ಚೀಟಿ ಅಂಟಿಸಿದೆ: ಅಡುಗೆಯವರೂ ರಜೆಗೆ ಹೋಗಿದ್ದಾರೆ. ಪರಿಹಾರವಿಲ್ಲ.

ಸೋಮವಾರ ಬಂದುಬಿಟ್ಟಿದೆ: ನಮಗೆ ಬಂತು. ಎರಡನೇ ಪ್ರವಾಸದ ಕೊನೆಯ ದಿನ, ಪ್ರೊವಾನ್ಸಿನ ಒಂದು ಹಳ್ಳಿ. ಗುರುತು ಹಾಕಿಟ್ಟುಕೊಂಡಿದ್ದ ಹೋಟೆಲಿನ ಕುರ್ಚಿಗಳೆಲ್ಲ ಮೇಜಿನ ಮೇಲೆ ತಲೆಕೆಳಗಾಗಿ ಮಲಗಿದ್ದವು. ಹಿಂದಿನ ದಿನ ಲೀಲ್ ಸೂರ್ ಲಾ ಸೋರ್ಗಿನ ಭಾನುವಾರದ ಸಂತೆಯಲ್ಲಿ, ನೀರ ಬದಿಯ ಅಂಗಡಿಗಳಲ್ಲಿ ಕೊಂಡದ್ದು ಚೀಲದಲ್ಲಿತ್ತು. ಬೆಳಗಿನ ಬ್ರೆಡ್ಡು, ನಾಲ್ಕು ಟೊಮ್ಯಾಟೊ, ಒಣಗಿದ ಚೆಸ್ಟ್‌ನಟ್ ಎಲೆಯಲ್ಲಿ ಸುತ್ತಿ ದಾರ ಕಟ್ಟಿದ ಬಾನೋಂ ಗಿಣ್ಣು, ಒಂದು ಶೀಶೆ ತಾಪೆನಾದ್. ಮಾರಿದ ಅಜ್ಜಿ ಎಲ್ಲವೂ ಆಲಿವ್, ಬರೀ ಆಲಿವ್ ಎಂದು ಎದೆ ಮುಟ್ಟಿಕೊಂಡು ಹೇಳಿದ್ದಳು. ಚೌಕದ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕರವಸ್ತ್ರ ಹಾಸಿದೆವು. ಎಲೆ ಬಿಚ್ಚಿದರೆ ಗಿಣ್ಣು ಕರಗಿ ನನ್ನ ಪ್ಯಾಂಟಿನ ಮೇಲೆ ಇಳಿಯಿತು.

ಹೆಂಡತಿ ಶೀಶೆ ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಚೀಟಿಯ ಸಣ್ಣಕ್ಷರವನ್ನು ಸಾಲು ಸಾಲಾಗಿ ಓದಿದಳು. ಒಂದು ಪದದ ಮೇಲೆ ಬೆರಳಿಟ್ಟು ನನಗೆ ತೋರಿಸಿ, ಶೀಶೆಯನ್ನು ಬೆಂಚಿನ ನನ್ನ ಕಡೆಗೆ ಸರಿಸಿ, ಟೊಮ್ಯಾಟೊ ಹೆಚ್ಚತೊಡಗಿದಳು. ಚರ್ಚಿನ ಗಡಿಯಾರದಲ್ಲಿ ಹನ್ನೆರಡೂವರೆ.